ಗುದ್ದಲಿ, ಗಡಿಯಾರ, ದೋಣಿ: ಜಾಂಬಿಯಾ ಬಗ್ಗೆ ನಿಮ್ಮ ಪ್ರಶ್ನೆಗಳು

ಜಾಂಬಿಯಾದ ಕಿಟ್ವೆ ಪಟ್ಟಣದಲ್ಲಿ 1978ರಿಂದ 1992ರವರೆಗೆ ನಾನು ಗಣಿತ ಕಲಿಸುತ್ತಿದ್ದೆ ಎಂದು ಹೋದ ತಿಂಗಳ ಅಂಕಣದಲ್ಲಿ ಹೇಳಿದ್ದೆ. ತಾಮ್ರದ ಗಣಿಗಳ ಊರು, ಕೆಂಪು ಮಣ್ಣು, ಅಕ್ಟೋಬರ್ ಬಂತೆಂದರೆ ಜಕರಂಡಾ ಹೂ. ಇಷ್ಟೇ ಬರೆದದ್ದು. ಬಂದ ಪತ್ರಗಳಲ್ಲಿ ಹೂವಿನ ಬಗ್ಗೆ ಯಾರೂ ಕೇಳಿಲ್ಲ, ಎಲ್ಲರಿಗೂ ಬೇಕಾಗಿರುವುದು ಅಲ್ಲಿನ ರಾಜಕೀಯ. ನನಗೂ ಅದು ಮನಸ್ಸಿಗೆ ಹತ್ತಿರದ ವಿಷಯವೇ. ಆರು ಪ್ರಶ್ನೆಗಳನ್ನು ಎತ್ತಿಕೊಂಡಿದ್ದೇನೆ.

ಜಾಂಬಿಯಾದ ಮೊದಲ ಅಧ್ಯಕ್ಷ ಕೆನೆತ್ ಕೌಂಡಾ ಗಾಂಧಿಯವರ ಅನುಯಾಯಿ ಎಂದು ಓದಿದ್ದೇನೆ. ಹಾಗಿದ್ದವರು ಒಂದೇ ಪಕ್ಷದ ಆಡಳಿತ ತಂದದ್ದು ಹೇಗೆ?
*ಪದವಿ ವಿದ್ಯಾರ್ಥಿನಿ, ಹಾವೇರಿ*

ಮಗೂ, ಈ ಪ್ರಶ್ನೆಯನ್ನು ನಾನೂ ಎಷ್ಟೋ ವರ್ಷ ನನ್ನೊಳಗೇ ಕೇಳಿಕೊಂಡಿದ್ದೇನೆ.

ಗಾಂಧಿಯ ಪ್ರಭಾವ ಸುಳ್ಳಲ್ಲ. ಆ ನಾಡನ್ನು ಆಗ ಉತ್ತರ ರೊಡೇಷ್ಯಾ ಎಂದು ಕರೆಯುತ್ತಿದ್ದರು. ಮಾಂಸದಂಗಡಿಯ ಒಳಗೆ ಹೋಗಿ ಕೊಳ್ಳುವ ಹಕ್ಕು ಬಿಳಿಯರಿಗಿತ್ತು. ಕರಿಯರು ಗೋಡೆಯ ಕಿಂಡಿಯ ಮುಂದೆ ಸಾಲುಗಟ್ಟಿ, ಒಳಗಿನಿಂದ ಚಾಚಿದ್ದನ್ನು ತೆಗೆದುಕೊಂಡು ಹೋಗಬೇಕಿತ್ತು. 1950ರ ದಶಕದಲ್ಲಿ ಕೌಂಡಾ ಈ ಅಂಗಡಿಗಳಿಗೆ ಬಹಿಷ್ಕಾರ ಹಾಕಿಸಿದರು, ಆ ಹೋರಾಟದಲ್ಲೇ ತಾವು ಮಾಂಸ ತಿನ್ನುವುದನ್ನು ಬಿಟ್ಟರು. ಮುಂದೆ 1970ರ ಸಾಲಿನ ನೆಹರೂ ಪ್ರಶಸ್ತಿಯನ್ನು ಭಾರತ ಅವರಿಗೆ ಕೊಟ್ಟಿತು. ಅವರ ಪಕ್ಷ ಯುನಿಪ್, ಅಂದರೆ ಯುನೈಟೆಡ್ ನ್ಯಾಷನಲ್ ಇಂಡಿಪೆಂಡೆನ್ಸ್ ಪಾರ್ಟಿ. ಗುರುತು ಗುದ್ದಲಿ, ಘೋಷಣೆ ‘ಕ್ವಾಚಾ’. ಬೆಳಗಾಯಿತು ಎಂದರ್ಥ. ಆ ದೇಶದ ನಾಣ್ಯಕ್ಕೂ ಮುಂದೆ ಅದೇ ಹೆಸರಾಯಿತು. 1964ರ ಜನವರಿಯ ಚುನಾವಣೆಯಲ್ಲಿ 75 ಸ್ಥಾನಗಳಲ್ಲಿ 55 ಯುನಿಪ್‌ಗೆ ಬಂದವು, ಅಕ್ಟೋಬರ್ 24ರಂದು ದೇಶ ಸ್ವತಂತ್ರವಾಯಿತು.

ಆದರೆ ಆ ಚುನಾವಣೆಗೂ ಸ್ವಾತಂತ್ರ್ಯಕ್ಕೂ ನಡುವೆ ನಡೆದದ್ದನ್ನೂ ಹೇಳಬೇಕು. ಕೌಂಡಾ ಹುಟ್ಟಿದ ಚಿನ್ಸಾಲಿ ಸೀಮೆಯಲ್ಲೇ ಆಲಿಸ್ ಲೆನ್ಶಿನಾ ಎಂಬ ಹೆಂಗಸು ಲುಂಪಾ ಎಂಬ ಪಂಥ ಕಟ್ಟಿದ್ದಳು. ರಾಜಕೀಯ ಪಕ್ಷಗಳಿಂದ ದೂರ ಇರಿ ಎಂದು ತನ್ನವರಿಗೆ ಹೇಳುತ್ತಿದ್ದಳು. ಯುನಿಪ್ ಕಾರ್ಯಕರ್ತರಿಗೂ ಅವಳ ಹಿಂಬಾಲಕರಿಗೂ ಹೊಡೆದಾಟ ಹತ್ತಿತು, ಸೈನ್ಯ ಇಳಿಯಿತು, ಕೆಲವೇ ತಿಂಗಳಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. ಆಗ ಘೋಷಿಸಿದ ತುರ್ತು ಪರಿಸ್ಥಿತಿಯನ್ನು 1991ರವರೆಗೆ ತೆಗೆಯಲೇ ಇಲ್ಲ. 27 ವರ್ಷ! ನಮ್ಮಲ್ಲಿನ 21 ತಿಂಗಳ ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಅಲ್ಲಿಗೆ ಹೋದವಳು ನಾನು, ಹಾಗಾಗಿ ಈ ಲೆಕ್ಕ ನನ್ನನ್ನು ಬಹಳ ಕಾಡುತ್ತಿತ್ತು.

ಒಂದೇ ಪಕ್ಷ ಬಂದದ್ದಕ್ಕೆ ಮುಖ್ಯ ಕಾರಣ ಒಬ್ಬ ಗೆಳೆಯ. ಸೈಮನ್ ಕಪ್ವೆಪ್ವೆ ಕೌಂಡಾ ಅವರ ಬಾಲ್ಯದ ಒಡನಾಡಿ, ಹೋರಾಟದಲ್ಲಿ ಹೆಗಲು ಕೊಟ್ಟವರು, 1950ರ ದಶಕದ ಮೊದಲಲ್ಲಿ ವಿದ್ಯಾರ್ಥಿವೇತನದ ಮೇಲೆ ನಮ್ಮ ದೇಶಕ್ಕೆ ಬಂದು ಓದಿದವರು. ಉಪಾಧ್ಯಕ್ಷರೂ ಆದರು. ತಮ್ಮ ಬೆಂಬಾ ಜನಕ್ಕೆ ಪಕ್ಷದಲ್ಲಿ ಅನ್ಯಾಯವಾಗುತ್ತಿದೆ ಎಂದು 1971ರಲ್ಲಿ ಹೊರಬಂದು ಯುಪಿಪಿ ಎಂಬ ಪಕ್ಷ ಕಟ್ಟಿದರು. ಆ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಕಿಟ್ವೆಯ ನೆರೆಯ ಊರಾದ ಮುಫುಲಿರಾದಲ್ಲಿ ಗೆದ್ದೂ ಬಿಟ್ಟರು. ಎರಡೇ ತಿಂಗಳು. 1972ರ ಫೆಬ್ರವರಿಯಲ್ಲಿ ಅವರ ಪಕ್ಷಕ್ಕೆ ನಿಷೇಧ, ಅವರಿಗೆ ಸೆರೆಮನೆ. ವರ್ಷದ ಕೊನೆಗೆ ಕಾನೂನೇ ಬಂತು, ದೇಶಕ್ಕೆ ಒಂದೇ ಪಕ್ಷ. ಇನ್ನೊಬ್ಬ ಹಿರಿಯ ಹೋರಾಟಗಾರ ಹ್ಯಾರಿ ಎನ್‌ಕುಂಬುಲಾ 1973ರಲ್ಲಿ ಚೋಮಾ ಪಟ್ಟಣದಲ್ಲಿ ಸಹಿ ಹಾಕಿ ತಮ್ಮ ಪಕ್ಷವನ್ನು ಯುನಿಪ್‌ಗೆ ಸೇರಿಸಿದರು.

ಹಿಂದಿನ ವರ್ಷ ಯುನಿಪ್‌ಗೆ ಮರಳಿದ್ದ ಕಪ್ವೆಪ್ವೆ, ನಾನು ಹೋದ ವರ್ಷವೇ, 1978ರಲ್ಲಿ, ಪಕ್ಷದ ಒಳಗಿಂದಲೇ ಕೌಂಡಾ ಎದುರು ನಿಲ್ಲಲು ಹೊರಟಿದ್ದರು. ಅವರನ್ನು ತಡೆಯಲು ಪಕ್ಷದ ನಿಯಮವನ್ನೇ ತಿದ್ದಲಾಯಿತು: ಐದು ವರ್ಷ ಸದಸ್ಯರಾಗಿದ್ದವರು ಮಾತ್ರ ನಿಲ್ಲಬಹುದು. ಅವರು ಮರಳಿ ಒಂದು ವರ್ಷವಾಗಿತ್ತಷ್ಟೆ. 1980ರ ಜನವರಿಯಲ್ಲಿ ತೀರಿಕೊಂಡರು. ನಮ್ಮ ಶಾಲೆಯ ಸಹೋದ್ಯೋಗಿಗಳು ಸ್ಟಾಫ್ ರೂಮಿನ ಬಾಗಿಲು ಮುಚ್ಚಿಕೊಂಡು ಅತ್ತರು. ಬಾಗಿಲು ಮುಚ್ಚಿ ಅಳಬೇಕಾಯಿತು ಎಂಬುದೇ ನನಗೆ ಆ ಕಾಲದ ಗುರುತು.

ಕೌಂಡಾ ದುಷ್ಟರಾಗಿರಲಿಲ್ಲ. ದಕ್ಷಿಣ ಆಫ್ರಿಕಾದ, ರೊಡೇಷ್ಯಾದ (ಈಗಿನ ಜಿಂಬಾಬ್ವೆ) ಹೋರಾಟಗಾರರಿಗೆ ನೆಲೆ ಕೊಟ್ಟು ತಮ್ಮ ನೆಲದ ಮೇಲೆ ಬಾಂಬು ಬೀಳಿಸಿಕೊಂಡರು. ಎಪ್ಪತ್ತಕ್ಕೂ ಹೆಚ್ಚು ಬುಡಕಟ್ಟುಗಳ ನಾಡನ್ನು ಅಂತರ್ಯುದ್ಧಕ್ಕೆ ಬೀಳದಂತೆ ಹಿಡಿದಿಟ್ಟರು. ಆದರೆ ತಾನಿಲ್ಲದೆ ನಡೆಯದು ಎಂಬ ನಂಬಿಕೆ ಅವರಲ್ಲಿ ಬೇರುಬಿಟ್ಟಿತ್ತು. ಶಾಲೆಯ ಮೈದಾನದಲ್ಲಿ ಮಕ್ಕಳು ‘ಒಂದು ಜಾಂಬಿಯಾ’ ಎಂದರೆ ಇನ್ನೊಂದು ಸಾಲು ‘ಒಂದು ರಾಷ್ಟ್ರ’ ಎನ್ನುತ್ತಿತ್ತು. ಅದರ ಬಾಲಕ್ಕೆ ‘ಕೌಂಡಾ ವಾಮುಯಾಯಾ’. ಎಂದೆಂದಿಗೂ ಕೌಂಡಾ ಎಂದು. ಮೊದಲರ್ಧ ಕೇಳುವಾಗ ಮೈ ಪುಲಕಿಸುತ್ತಿತ್ತು, ಕೊನೆಯದು ಬಂದಾಗ ನಾನು ತಲೆ ತಗ್ಗಿಸುತ್ತಿದ್ದೆ.

ಕೌಂಡಾ ಸೋತಾಗ ನೀವು ಅಲ್ಲೇ ಇದ್ದಿರಿ. ಕಣ್ಣಾರೆ ಕಂಡದ್ದನ್ನು ಬರೆಯಿರಿ.
*ನಿವೃತ್ತ ಬ್ಯಾಂಕ್ ಉದ್ಯೋಗಿ, ಮಂಗಳೂರು*

ಅವರ ಸೋಲು ಶುರುವಾದದ್ದು ಹಿಟ್ಟಿನ ಚೀಲದಲ್ಲಿ, ಸಾರ್.

ಅಲ್ಲಿನವರ ಊಟ ನ್ಶಿಮಾ. ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತೊಳಸಿ ಕಟ್ಟುವ ಮುದ್ದೆ. ನಾನು ತುಮಕೂರಿನವಳು, ರಾಗಿಮುದ್ದೆ ತಿಂದು ಬೆಳೆದವಳು, ಮೊದಲ ದಿನವೇ ಒಗ್ಗಿತು. ಹಿಟ್ಟಿನಲ್ಲಿ ಎರಡು ಬಗೆ: ನುಣ್ಣನೆಯದು ಬ್ರೇಕ್‌ಫಾಸ್ಟ್ ಮೀಲ್, ತರಿಯಾದದ್ದು ರೋಲರ್ ಮೀಲ್. ಎರಡಕ್ಕೂ ಸರ್ಕಾರದ ಸಹಾಯಧನವಿತ್ತು, ಅದಕ್ಕೆ ಹಣ ಬರುತ್ತಿದ್ದುದು ತಾಮ್ರದಿಂದ. 1970ರ ದಶಕದ ನಡುವೆ ತಾಮ್ರದ ಬೆಲೆ ಕುಸಿದ ಮೇಲೆ ಸಾಲ ಬೆಳೆಯಿತು, ಐಎಂಎಫ್, ಅಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿ, ಬಂದು ಸಹಾಯಧನ ತೆಗೆಯಿರಿ ಎಂದು ಕೂತಿತು. 1986ರ ಡಿಸೆಂಬರ್‌ನಲ್ಲಿ ನುಣ್ಣನೆಯ ಹಿಟ್ಟಿನ ಸಹಾಯಧನ ತೆಗೆದರು, ಬೆಲೆ ಒಂದೇ ಸಲ ಎರಡು ಪಟ್ಟು ದಾಟಿತು. ಬಡವರ ತರಿಹಿಟ್ಟಿನ ಬೆಲೆ ಹಾಗೆಯೇ ಇರುತ್ತದೆ ಎಂದಿದ್ದರು. ಆದರೆ ಸರ್ಕಾರದ ಹಣ ಬರುತ್ತದೋ ಇಲ್ಲವೋ ಎಂಬ ಅನುಮಾನಕ್ಕೆ ಗಿರಣಿಯವರು ತರಿಹಿಟ್ಟು ಬೀಸುವುದನ್ನೇ ನಿಲ್ಲಿಸಿದರು. ಅಂಗಡಿಯಲ್ಲಿ ದುಬಾರಿ ಹಿಟ್ಟು ಬಿಟ್ಟರೆ ಬೇರೆ ಇಲ್ಲ.

ಆ ವಾರ ನಾನು ಮನೆಯಲ್ಲಿ ಉತ್ತರಪತ್ರಿಕೆ ನೋಡುತ್ತಾ ಕೂತಿದ್ದೆ. ಪೇಟೆಯ ಕಡೆ ಹೊಗೆ ಎದ್ದಿತು. ಪಕ್ಕದ ಮನೆಯಾಕೆ, ಗಣಿ ಕಾರ್ಮಿಕನ ಹೆಂಡತಿ, ಖಾಲಿ ಚೀಲ ಹಿಡಿದು ಹೋದವಳು ಖಾಲಿ ಚೀಲದೊಂದಿಗೇ ಓಡಿ ಬಂದಳು, ಒಂದು ಕಾಲಿನ ಚಪ್ಪಲಿ ಇರಲಿಲ್ಲ. ತಾಮ್ರ ಪಟ್ಟಿಯ ಊರುಗಳಲ್ಲಿ 15 ಜನ ಸತ್ತರು. ಕೌಂಡಾ ಸಹಾಯಧನವನ್ನು ವಾಪಸು ಕೊಟ್ಟರು, 1987ರ ಮೇ ದಿನದಂದು ಐಎಂಎಫ್ ಜೊತೆಗಿನ ಒಪ್ಪಂದವನ್ನೂ ಕಡಿದುಕೊಂಡರು. ಪುಕ್ಕಲುತನದಿಂದ ಹಾಗೆ ಮಾಡಿದರು ಎಂದು ಆಗ ಬರೆದವರುಂಟು. ಹಸಿದವರ ಮೇಲೆ ಎರಡನೇ ಸಲ ಗುಂಡು ಹಾರಿಸಲು ಆ ಮನುಷ್ಯನ ಮನಸ್ಸು ಒಪ್ಪಲಿಲ್ಲ ಎಂದೇ ನಾನು ನಂಬಿದ್ದೇನೆ. ಆದರೂ 1990ರ ಜೂನ್‌ನಲ್ಲಿ ಮತ್ತೆ ಅದೇ ಆಯಿತು. ಹಿಟ್ಟಿನ ಬೆಲೆ ಏರಿತು, ರಾಜಧಾನಿ ಲುಸಾಕಾದಲ್ಲಿ ದಂಗೆ, ಇಪ್ಪತ್ತಕ್ಕೂ ಹೆಚ್ಚು ಸಾವು. ತಿಂಗಳ ಕೊನೆಯ ಶನಿವಾರ ನಸುಕಿಗೆ ರೇಡಿಯೊದಲ್ಲಿ ಒಬ್ಬ ಲೆಫ್ಟಿನೆಂಟ್ ದನಿ: ಸರ್ಕಾರವನ್ನು ಸೈನ್ಯ ವಶಕ್ಕೆ ತೆಗೆದುಕೊಂಡಿದೆ. ಕೆಲವು ಗಂಟೆಗಳಲ್ಲೇ ಅವನನ್ನು ಹಿಡಿದರು. ಆದರೆ ಅಷ್ಟರಲ್ಲಿ ಜನ ಬೀದಿಗೆ ಬಂದು ಕುಣಿದುಬಿಟ್ಟಿದ್ದರು. ಆ ಕುಣಿತ ಕೌಂಡಾ ಅವರ ಕಿವಿಗೂ ಬಿತ್ತು.

ಮುಂದಿನ ತಿಂಗಳು ಲುಸಾಕಾದ ಗಾರ್ಡನ್ ಹೌಸ್ ಎಂಬ ಹೋಟೆಲಿನಲ್ಲಿ ವಕೀಲರು, ಪ್ರಾಧ್ಯಾಪಕರು, ಕಾರ್ಮಿಕ ಮುಖಂಡರು ಸೇರಿದರು. ಹುಟ್ಟಿದ್ದು ಎಂಎಂಡಿ, ಬಹುಪಕ್ಷ ಪ್ರಜಾಪ್ರಭುತ್ವದ ಚಳವಳಿ. ಗುರುತು ಗಡಿಯಾರ. ‘ಗಳಿಗೆ ಬಂದಿದೆ’ ಎಂಬುದೇ ಅವರ ಕೂಗು. ನಾಯಕ ಫ್ರೆಡರಿಕ್ ಚಿಲುಬಾ, ಐದಡಿಯ ಗಿಡ್ಡ ಆಳು, ಕಾರ್ಮಿಕ ಸಂಘಗಳ ಒಕ್ಕೂಟದ ಅಧ್ಯಕ್ಷ. ಆ ಒಕ್ಕೂಟದ ಕಚೇರಿ ನಮ್ಮ ಕಿಟ್ವೆಯಲ್ಲೇ ಇತ್ತು. ಯುನಿಪ್ ಕಾರ್ಡ್ ತೋರಿಸದಿದ್ದರೆ ಮಾರುಕಟ್ಟೆಯೊಳಕ್ಕೆ ಬಿಡದ ಕಾಲವನ್ನು ಕಂಡಿದ್ದ ನನ್ನ ಸಹೋದ್ಯೋಗಿಗಳು ಈಗ ಎರಡು ಬೆರಳೆತ್ತಿ ಎಂಎಂಡಿ ಸನ್ನೆ ಮಾಡುತ್ತಾ ಶಾಲೆಯ ಗೇಟು ದಾಟುತ್ತಿದ್ದರು.

1991ರ ಅಕ್ಟೋಬರ್ 31ರಂದು ಮತದಾನ. ಚಿಲುಬಾಗೆ ನೂರಕ್ಕೆ 76, ಕೌಂಡಾಗೆ 24. 150 ಸ್ಥಾನಗಳಲ್ಲಿ 125 ಗಡಿಯಾರಕ್ಕೆ. 27 ವರ್ಷ ಆಳಿದವರು, ಸೈನ್ಯ ಕೈಯಲ್ಲಿದ್ದವರು, ಸೋಲೊಪ್ಪಿಕೊಂಡರು. ಚಿಲುಬಾ ಅವರನ್ನು ಅಧ್ಯಕ್ಷರ ನಿವಾಸವಾದ ಸ್ಟೇಟ್ ಹೌಸ್‌ಗೆ ಕರೆದು ಯಾವ ಕೋಣೆ ಎಲ್ಲಿದೆ ಎಂದು ತೋರಿಸಿದರು. ನವೆಂಬರ್ 2ರಂದು ಹೊಸ ಅಧ್ಯಕ್ಷರ ಪ್ರಮಾಣವಚನ ಆಯಿತು. ಟಿವಿಯಲ್ಲಿ ಅದನ್ನು ನೋಡುತ್ತಾ, ಕೌಂಡಾ ವಿರುದ್ಧ ವೋಟು ಹಾಕಿದ್ದ ನಮ್ಮ ಮುಖ್ಯೋಪಾಧ್ಯಾಯರು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಕಪ್ವೆಪ್ವೆಗೆ ಮಾಡಿದ್ದನ್ನು ನಾನು ಮರೆತಿಲ್ಲ. ಆದರೂ ಆ ಒಂದು ವಾರದ ನಡತೆಗಾಗಿ ಕೌಂಡಾ ಅವರಿಗೆ ಇಂದಿಗೂ ಕೈಮುಗಿಯುತ್ತೇನೆ. ಅಕ್ಕಪಕ್ಕದ ಎಷ್ಟು ದೇಶಗಳಲ್ಲಿ ಅದು ನಡೆಯಲಿಲ್ಲ ನೋಡಿ.

ಕೌಂಡಾ ಅವರನ್ನೇ ‘ಪರದೇಶಿ’ ಎಂದು ಘೋಷಿಸಿದರಂತೆ. ರಾಷ್ಟ್ರಪಿತನಿಗೆ ಇದು ಹೇಗೆ ಸಾಧ್ಯ?
*ವಕೀಲರು, ಧಾರವಾಡ*

ನಡೆದದ್ದು ನಿಜ. ಕೌಂಡಾ ಅವರ ತಂದೆ ಡೇವಿಡ್ ಕೌಂಡಾ ಈಗ ಮಲಾವಿ ಎನಿಸಿಕೊಂಡಿರುವ ನ್ಯಾಸಾಲ್ಯಾಂಡ್‌ನಿಂದ ಬಂದ ಮಿಷನ್ ಬೋಧಕರು. ಮಗ ಹುಟ್ಟಿದ್ದು 1924ರಲ್ಲಿ, ಚಿನ್ಸಾಲಿ ಬಳಿಯ ಲುಬ್ವಾದಲ್ಲಿ. 1996ರ ಚುನಾವಣೆಗೆ ಕೌಂಡಾ ಮತ್ತೆ ನಿಲ್ಲುತ್ತಾರೆಂದು ಗೊತ್ತಾದಾಗ ಚಿಲುಬಾ ಸರ್ಕಾರ ಸಂವಿಧಾನ ತಿದ್ದಿತು: ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವವರ ತಂದೆತಾಯಿ ಇಬ್ಬರೂ ಜಾಂಬಿಯಾದವರಾಗಿರಬೇಕು. ಯುನಿಪ್ ಆ ಚುನಾವಣೆಯನ್ನೇ ಬಹಿಷ್ಕರಿಸಿತು. 1997ರಲ್ಲಿ ವಿಫಲ ಸೈನಿಕ ದಂಗೆಯೊಂದರ ನೆಪದಲ್ಲಿ ಕೌಂಡಾ ಅವರನ್ನು ಕ್ರಿಸ್‌ಮಸ್ ದಿನವೇ ಬಂಧಿಸಿದರು. 1999ರಲ್ಲಿ ಎನ್‌ಡೋಲಾದ ಹೈಕೋರ್ಟ್ ಅವರಿಗೆ ಪೌರತ್ವವೇ ಇಲ್ಲವೆಂದಿತು. ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ಮರಳಿ ಕೊಟ್ಟಿತು. ನಾನು ಆಗ ತುಮಕೂರಿಗೆ ಬಂದಾಗಿತ್ತು. ಹಳೆಯ ವಿದ್ಯಾರ್ಥಿಯೊಬ್ಬನ ಪತ್ರದಲ್ಲಿ ಒಂದೇ ವಾಕ್ಯವಿತ್ತು: ‘ಟೀಚರ್, ಅವರಿಗೇ ಇಲ್ಲವೆಂದರೆ ನಮಗೆ ಯಾರಿಗಿದೆ?’

ವಕೀಲರಾದ ನಿಮಗೆ ಈ ನಿಯಮದ ಮುಂದಿನ ಕಥೆ ಹಿಡಿಸುತ್ತದೆ. ಅದು ಮೊದಲು ತಿರುಗಿ ಬಿದ್ದದ್ದು ಚಿಲುಬಾ ಅವರ ಮೇಲೆಯೇ. ನಿಮ್ಮ ತಂದೆ ಯಾವ ದೇಶದವರು ಎಂದು ವಿರೋಧಿಗಳು ಸುಪ್ರೀಂ ಕೋರ್ಟಿಗೆ ಹೋದರು. 1998ರಲ್ಲಿ ಆ ಅರ್ಜಿ ಬಿತ್ತು, ಆದರೆ ಅಧ್ಯಕ್ಷರ ಅಪ್ಪ ಯಾರೆಂಬುದು ಊರೆಲ್ಲ ಚರ್ಚೆಯಾಗಿ ಹೋಯಿತು. ಮುಂದೆ 2014ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಮೈಕೆಲ್ ಸಾಟಾ ಲಂಡನ್ನಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಉಪಾಧ್ಯಕ್ಷ ಗೈ ಸ್ಕಾಟ್ ಹಂಗಾಮಿ ಅಧ್ಯಕ್ಷರಾದರು. ಬಿಳಿಯ ಮನುಷ್ಯ, ಹುಟ್ಟಿದ್ದು ಅಲ್ಲಿಯೇ. ಚುನಾವಣೆಗೆ ಮಾತ್ರ ನಿಲ್ಲುವಂತಿರಲಿಲ್ಲ, ತಂದೆತಾಯಿ ಅಲ್ಲಿನವರಲ್ಲವಲ್ಲ. ಕೌಂಡಾ ಒಬ್ಬರಿಗಾಗಿ ಹೊಲಿದ ಅಂಗಿ ಹದಿನೆಂಟು ವರ್ಷದ ಮೇಲೆ ಸ್ಕಾಟ್ ಅವರ ಕೈಕಟ್ಟಿತು. 2016ರ ತಿದ್ದುಪಡಿಯಲ್ಲಿ ಕೊನೆಗೂ ಅದನ್ನು ಕಿತ್ತುಹಾಕಿದರು.

1996ರಲ್ಲಿ ಇನ್ನೊಂದು ಬದಲಾವಣೆಯೂ ಆಗಿತ್ತು. ಅಧ್ಯಕ್ಷರಾಗಲು ಅರ್ಧಕ್ಕಿಂತ ಹೆಚ್ಚು ಮತ ಬೇಕಿಲ್ಲ, ಉಳಿದವರಿಗಿಂತ ಒಂದು ಹೆಚ್ಚು ಬಂದರೆ ಸಾಕು ಎಂದಾಯಿತು. ಅದರ ಫಲವಾಗಿ 2001ರಲ್ಲಿ ಲೆವಿ ಮ್ವಾನವಾಸಾ ನೂರಕ್ಕೆ 29 ಮತ ಪಡೆದು ಅಧ್ಯಕ್ಷರಾದರು. ಅವರನ್ನು ಆರಿಸಿದವರು ಚಿಲುಬಾ. ಚಿಲುಬಾ ತಾವೇ ಮೂರನೇ ಅವಧಿಗೆ ಆಸೆಪಟ್ಟಿದ್ದರು. ವಕೀಲರು, ಚರ್ಚುಗಳು, ಮಹಿಳಾ ಸಂಘಟನೆಗಳು ಸೇರಿ ಓಯಸಿಸ್ ಫೋರಂ ಕಟ್ಟಿ ಎದ್ದುನಿಂತವು. ಜನ ಹಸಿರು ರಿಬ್ಬನ್ ಕಟ್ಟಿಕೊಂಡರು, ಶುಕ್ರವಾರ ಸಂಜೆ ಕಾರುಗಳ ಹಾರನ್ ಒತ್ತಿ ಪ್ರತಿಭಟಿಸಿದರು. 2001ರ ಮೇ ತಿಂಗಳಲ್ಲಿ ಚಿಲುಬಾ ಹಿಂದೆ ಸರಿದರು. ಅವರೇ ನೆಟ್ಟ ಮ್ವಾನವಾಸಾ ಮುಂದೆ ಚಿಲುಬಾ ಮೇಲೇ ಭ್ರಷ್ಟಾಚಾರದ ಮೊಕದ್ದಮೆ ಹಾಕಿಸಿದರು. 2009ರಲ್ಲಿ ಚಿಲುಬಾ ಖುಲಾಸೆಯಾದರು, ಆದರೆ ವಿಚಾರಣೆಯಲ್ಲಿ ಹೊರಬಿದ್ದ ದುಬಾರಿ ಸೂಟು, ಬೂಟುಗಳ ಲೆಕ್ಕ ಕೇಳಿ ಕಿಟ್ವೆಯ ಆ ಕಾರ್ಮಿಕ ಮುಖಂಡ ಎಲ್ಲಿ ಕಳೆದುಹೋದನೋ ಎಂದು ನನಗೆ ಸಂಕಟವಾಯಿತು.

ಮಹಿಳಾ ನಾಯಕಿಯರು ಇದ್ದಾರೆಯೇ?
*ಗೃಹಿಣಿ, ಮೈಸೂರು*

ಇದ್ದಾರಮ್ಮ. 2015ರಲ್ಲಿ ಇನೊಂಗೆ ವೀನಾ ಮೊದಲ ಮಹಿಳಾ ಉಪಾಧ್ಯಕ್ಷರಾದರು. 2021ರಿಂದ ಮುಟಾಲೆ ನಲುಮಾಂಗೊ, ಅವರು ನನ್ನ ಹಾಗೆ ಶಾಲಾ ಶಿಕ್ಷಕಿಯಾಗಿದ್ದವರು. ಅದೇ ವರ್ಷ ನೆಲ್ಲಿ ಮುಟ್ಟಿ ಸಂಸತ್ತಿನ ಮೊದಲ ಮಹಿಳಾ ಸ್ಪೀಕರ್ ಆದರು. ಅಧ್ಯಕ್ಷ ಪದವಿಗೆ ಮಾತ್ರ ಇನ್ನೂ ಹೆಣ್ಣುಮಗಳು ಏರಿಲ್ಲ.

ಗೆದ್ದಾಗ ದೇಶವನ್ನೇ ಆವರಿಸುವ ಪಕ್ಷಗಳು ಸೋತ ಮೇಲೆ ಕಾಣೆಯಾಗುತ್ತವೆ ಏಕೆ? ಬುಡಕಟ್ಟು ರಾಜಕಾರಣ ಕಾರಣವೇ?
*ಸ್ಪರ್ಧಾತ್ಮಕ ಪರೀಕ್ಷಾರ್ಥಿ, ಕಲಬುರಗಿ*

ನೀವು ಗಮನಿಸಿದ್ದು ಸರಿ. ಯುನಿಪ್ ಇವತ್ತು ಹೆಸರಿಗಷ್ಟೇ ಇದೆ. 20 ವರ್ಷ ಆಳಿದ ಎಂಎಂಡಿ 2011ರಲ್ಲಿ ಸೋತು, 2016ರಲ್ಲಿ ಗೆದ್ದದ್ದು ಬರೀ ಮೂರು ಸ್ಥಾನ. ಅದನ್ನು ಸೋಲಿಸಿದ್ದು ಸಾಟಾ ಕಟ್ಟಿದ ಪಿಎಫ್, ಅಂದರೆ ಪೇಟ್ರಿಯಾಟಿಕ್ ಫ್ರಂಟ್, ಅದರ ಗುರುತು ದೋಣಿ. ಸಾಟಾ ಯುನಿಪ್‌ನಲ್ಲೂ ಎಂಎಂಡಿಯಲ್ಲೂ ಮಂತ್ರಿಯಾಗಿದ್ದವರು, ಚುರುಕು ನಾಲಿಗೆಗೆ ‘ಕಿಂಗ್ ಕೋಬ್ರಾ’ ಎಂದು ಹೆಸರಾದವರು. ಆಳುವ ಪಕ್ಷ ಹಂಚುವ ಉಡುಗೊರೆಯನ್ನೆಲ್ಲ ತೆಗೆದುಕೊಳ್ಳಿ, ವೋಟು ಯಾರಿಗೆಂದು ಬಾಯಿಬಿಡಬೇಡಿ ಎಂಬುದು ಅವರ ಮಂತ್ರ: ‘ಡೋಂಟ್ ಕುಬೇಬಾ’. 2021ರಲ್ಲಿ ಸೋತ ಪಿಎಫ್ ಕೂಡ ಎರಡು ವರ್ಷದಲ್ಲಿ ಅಧ್ಯಕ್ಷರು ಯಾರೆಂಬ ಜಗಳಕ್ಕೆ ಬಿದ್ದು ಕೋರ್ಟು ಕಚೇರಿ ಅಲೆಯಿತು.

ನನಗೆ ಕಾಣುವ ಕಾರಣ ಇಷ್ಟು. ಅಲ್ಲಿ ಪಕ್ಷದ ಬೇರು ಊರಿನಲ್ಲಿಲ್ಲ, ಸ್ಟೇಟ್ ಹೌಸ್‌ನಲ್ಲಿದೆ. ಗುತ್ತಿಗೆ, ಹುದ್ದೆ, ಮಾರುಕಟ್ಟೆ ಮತ್ತು ಬಸ್ ನಿಲ್ದಾಣಗಳ ವಸೂಲಿ ಎಲ್ಲ ಅಲ್ಲಿಂದಲೇ ಹರಿಯುತ್ತವೆ. ಆ ನೀರು ನಿಂತರೆ ಶಾಸಕರು ಗುಳೆ ಹೊರಡುತ್ತಾರೆ. ಇದನ್ನು ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ.

ಬುಡಕಟ್ಟಿನ ಲೆಕ್ಕ ಇಲ್ಲವೆನ್ನಲಾರೆ. ಹಕೈಂಡೆ ಹಿಚಿಲೆಮಾ ಅವರ ಯುಪಿಎನ್‌ಡಿ ಪಕ್ಷಕ್ಕೆ ದಕ್ಷಿಣದ ಟೊಂಗಾ ಜನ ಗಟ್ಟಿ ಬೆಂಬಲ, ಅದಕ್ಕೇ ಅದನ್ನು ‘ಟೊಂಗಾ ಪಕ್ಷ’ ಎಂದು ಹೀಗಳೆಯುತ್ತಿದ್ದರು. ಐದು ಸಲ ಅವರು ಸೋತರು. 2015ರಲ್ಲಿ ಪಿಎಫ್‌ನ ಎಡ್ಗರ್ ಲುಂಗು ಎದುರು ಸೋತದ್ದು ಸುಮಾರು 28 ಸಾವಿರ ಮತದಿಂದ. 2017ರಲ್ಲಿ ಅಧ್ಯಕ್ಷರ ವಾಹನಗಳಿಗೆ ದಾರಿ ಬಿಡಲಿಲ್ಲವೆಂದು ದೇಶದ್ರೋಹದ ಆರೋಪ ಹೊರಿಸಿ ಸುಮಾರು ನಾಲ್ಕು ತಿಂಗಳು ಜೈಲಿನಲ್ಲಿಟ್ಟರು. ಆದರೆ 2021ರ ಆಗಸ್ಟ್ 12ರಂದು ಅವರಿಗೆ ಬಿದ್ದ ಮತ 28.5 ಲಕ್ಷ, ಲುಂಗು ಅವರಿಗೆ 18.7 ಲಕ್ಷ. ಟೊಂಗಾ ಮತವೊಂದೇ ಅಷ್ಟಾಗುವುದಿಲ್ಲ. ದೇಶ ವಿದೇಶಿ ಸಾಲ ತೀರಿಸಲಾಗದೆ 2020ರಲ್ಲಿ ಕೈಚೆಲ್ಲಿತ್ತು, ಕೆಲಸವಿಲ್ಲದ ಹುಡುಗ ಹುಡುಗಿಯರು ಊರೂರಲ್ಲಿ ಸಾಲುಗಟ್ಟಿ ನಿಂತರು. ಲುಂಗು ಸೋಲೊಪ್ಪಿದರು. ಆಳುವ ಪಕ್ಷ ಮತಪೆಟ್ಟಿಗೆಯಲ್ಲಿ ಸೋತು ಹೊರಟದ್ದು ಮೂರನೇ ಸಲ: 1991, 2011, 2021.

ಲುಂಗು ಅವರ ಶವಕ್ಕಾಗಿ ಸರ್ಕಾರ, ಕುಟುಂಬ ಕೋರ್ಟಿನಲ್ಲಿ ಹೋರಾಡಿದ್ದು ಓದಿ ಬೇಸರವಾಯಿತು. ನಿಮಗೇನನ್ನಿಸಿತು?
*ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು*

ನನಗೂ ನಿದ್ದೆ ಬರಲಿಲ್ಲ. ಲುಂಗು 2025ರ ಜೂನ್ 5ರಂದು ದಕ್ಷಿಣ ಆಫ್ರಿಕಾದಲ್ಲಿ ತೀರಿಕೊಂಡರು. ಹಿಚಿಲೆಮಾ ಶವದ ಹತ್ತಿರ ಬರಬಾರದು ಎಂದು ಕುಟುಂಬ ಹಟ ಹಿಡಿಯಿತು, ಅಲ್ಲೇ ಮಣ್ಣು ಮಾಡಲು ಹೊರಟಾಗ ಕೋರ್ಟು ತಡೆಯಿತು. ಆಗಸ್ಟ್‌ನಲ್ಲಿ ಪ್ರಿಟೋರಿಯಾದ ಹೈಕೋರ್ಟ್ ಶವವನ್ನು ತಾಯ್ನಾಡಿಗೆ ಕಳಿಸಿ ಎಂದಿತು, ಕುಟುಂಬ ಮೇಲ್ಮನವಿಗೆ ಹೋಯಿತು. ಕೌಂಡಾ 2021ರ ಜೂನ್‌ನಲ್ಲಿ 97ನೇ ವಯಸ್ಸಿಗೆ ಹೋದಾಗಲೂ ಹೀಗೆಯೇ. ಹೆಂಡತಿ ಬೆಟ್ಟಿಯ ಪಕ್ಕ ಮಲಗಿಸಿ ಎಂಬುದು ಅವರ ಆಸೆಯಾಗಿತ್ತೆಂದು ಮನೆಯವರು ಹೇಳಿದರು. ಸರ್ಕಾರ ಅಧ್ಯಕ್ಷರಿಗೆಂದೇ ಇರುವ ಎಂಬಸಿ ಪಾರ್ಕ್‌ನಲ್ಲಿ ಹೂಳಿತು. ಅದು ಲುಂಗು ಅವರ ಸರ್ಕಾರ.

ನಾನು ಕಂಡ ಜಾಂಬಿಯಾದಲ್ಲಿ ಸಾವಿನ ಮನೆ ಬೇರೆ ಥರ ಇತ್ತು. ಬೆಂಬಾ ಮತ್ತು ಎನ್ಗೋನಿ ಜನ ನೂರೈವತ್ತು ವರ್ಷದ ಹಿಂದೆ ಯುದ್ಧ ಮಾಡಿದವರು. ಆ ಯುದ್ಧದ ನೆನಪು ಈಗ ಅವರಲ್ಲಿ ಭಾವ ಮೈದುನರ ಚೇಷ್ಟೆಯಾಗಿ ಉಳಿದಿದೆ, ಸಾವಿನ ಮನೆಯಲ್ಲೂ ಕೀಟಲೆ ಮಾಡುವ ಹಕ್ಕಿದೆ. ನಮ್ಮ ಶಾಲೆಯ ಎನ್ಗೋನಿ ಮೇಷ್ಟರೊಬ್ಬರು ತೀರಿಕೊಂಡಾಗ ಬೆಂಬಾ ಸಹೋದ್ಯೋಗಿಗಳು ಪೆಟ್ಟಿಗೆಯ ಮುಂದೆ ನಿಂತು, ‘ಏಳಯ್ಯಾ, ನಮ್ಮ ಸಾಲ ತೀರಿಸದೆ ಎಲ್ಲಿಗೆ ಹೊರಟೆ’ ಎಂದು ಗದರಿದರು. ಅಳುತ್ತಿದ್ದ ಹೆಂಡತಿ ಸೆರಗಿನಂತೆ ಹೊದ್ದ ಚಿತೆಂಗೆ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಆಮೇಲೆ ಗುಂಡಿ ತೋಡಿದವರೂ ಅದೇ ಬೆಂಬಾ ಮೇಷ್ಟರುಗಳು, ಕತ್ತಲಾಗುವವರೆಗೆ ಮಣ್ಣು ಎಳೆದರು. ನಾನು ಲಾಟೀನು ಹಿಡಿದಿದ್ದೆ.